ಜರ್ಮನಿಯಲ್ಲಿ ನಾನು ಕಲಿಯದೆ ಬಂದದ್ದು

ಕೀಟಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ಜರ್ಮನಿಗೆ ಹೋದವನು ನಾನು. ಪದವಿ ಕೈಗೆ ಬಂತು. ಅಲ್ಲೇ ಮೇಷ್ಟರಾಗಿ ನೆಲೆನಿಲ್ಲುವ ಆಸೆ ಮಾತ್ರ ಕೈಗೂಡಲಿಲ್ಲ. ನಾನು ಜರ್ಮನ್ ಕಲಿಯದೆ ಹೋದದ್ದೇ ಕಾರಣ.

ಜಂಗಮಕೋಟೆ ಕಡೆಯ ಹುಳು ಮನೆಗಳಲ್ಲಿ ಬೆಳೆದವರಿಗೆ ರೇಷ್ಮೆ ಚಿಟ್ಟೆ ಹೊಸದಲ್ಲ. ಮಾರದೆ ಉಳಿದ ಗೂಡಿನಿಂದ ಹೆಣ್ಣು ಹೊರಬಂದು ಸುಮ್ಮನೆ ಕೂರುತ್ತದೆ. ಗಂಡಿಗೆ ಹಾರಲು ಬರುವುದಿಲ್ಲ. ಪಟಪಟ ರೆಕ್ಕೆ ಬಡಿಯುತ್ತಾ, ಸುತ್ತು ಹಾಕುತ್ತಾ, ತಪ್ಪದೆ ಅದರ ಹತ್ತಿರಕ್ಕೇ ಬರುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ? ಉತ್ತರ ಹುಡುಕಿಕೊಟ್ಟವರು ಜರ್ಮನ್ನರು. ಅಡಾಲ್ಫ್ ಬುಟೆನಾಂಟ್ ಅವರ ತಂಡ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂ ವಸ್ತು ಬೇರ್ಪಡಿಸಿ, 1959ರಲ್ಲಿ ಹೆಣ್ಣು ಗಂಡನ್ನು ಸೆಳೆಯುವ ಬಾಂಬಿಕಾಲ್ ಎಂಬ ವಾಸನೆಯ ವಸ್ತುವನ್ನು ಪ್ರಕಟಿಸಿತು. ರಾಸಾಯನಿಕವಾಗಿ ಗುರುತಿಸಿದ ಮೊದಲ ಫೆರೊಮೋನ್ (ವಾಸನೆಯ ಸಂಕೇತ) ಅದು. ಅದಕ್ಕೂ ಮುಂಚೆ, 1957ರಲ್ಲಿ, ಡೀಟ್ರಿಶ್ ಷ್ನೈಡರ್ ಚಿಟ್ಟೆಯ ಕುಡಿಮೀಸೆಗೆ ಎಲೆಕ್ಟ್ರೋಡ್ ಜೋಡಿಸಿ, ವಾಸನೆ ತಾಗಿದಾಗ ಅಲ್ಲಿ ಏಳುವ ವಿದ್ಯುತ್ತನ್ನು ಅಳೆದಿದ್ದರು.

ಎರಡೂ ಪ್ರಬಂಧ ಇರುವುದು ಜರ್ಮನ್‌ನಲ್ಲಿ. ನಾನು ಇಂಗ್ಲಿಷ್ ಸಾರಾಂಶ ಓದಿ, ಮೂಲ ಓದಿದವನಂತೆ ಉಲ್ಲೇಖಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಷ್ನೈಡರ್ ಪ್ರಬಂಧದ ಒಂದು ಚಿತ್ರದ ಬಗ್ಗೆ ಕೇಳಿದರು. ಚಿತ್ರ ನೋಡಿದ್ದೆ, ಅದರ ಕೆಳಗಿನ ಬರಹ ಅರ್ಥವಾಗಿರಲಿಲ್ಲ. ತಲೆ ತಗ್ಗಿಸಿ ಕೂತೆ. ಪಾಸಾದೆ, ನಿಜ. ಆದರೆ ಆ ಮೌನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಪ್ರಯೋಗಾಲಯದಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಿದ್ದರು, ಅಷ್ಟು ಸಾಕೆಂದುಕೊಂಡೆ. ಆದರೆ ಅಲ್ಲಿ ಬಿಎಸ್‌ಸಿ ತರಗತಿಗಳ ಪಾಠ ಹೆಚ್ಚಾಗಿ ಜರ್ಮನ್‌ನಲ್ಲೇ ನಡೆಯುತ್ತದೆ. ಪಾಠ ಮಾಡಲಾರದವನಿಗೆ ಕಾಯಂ ಹುದ್ದೆ ದೂರದ ಮಾತು. ತಾತ್ಕಾಲಿಕ ಕರಾರಿಗೂ ಕಾನೂನಿನ ಮಿತಿಯಿದೆ: ಸಾಮಾನ್ಯವಾಗಿ ಡಾಕ್ಟರೇಟ್‌ಗೆ ಮೊದಲು 6 ವರ್ಷ, ಆಮೇಲೆ 6 ವರ್ಷ. ಕರಾರು ಮುಗಿಯಿತು, ಊರಿಗೆ ಬಂದೆ.

ನನಗೆ ಹೆಚ್ಚು ನೋವಾಗುವುದು ಇದಕ್ಕೆ: ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ವ್ಯಾಪಾರ ಮಾಡುವ, ಗೂಡಿನಿಂದ ನೂಲು ತೆಗೆಯುವ ರೀಲರುಗಳನ್ನು ನೋಡಿಕೊಂಡೇ ಬೆಳೆದೆ. ತೆಲುಗನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ, ಬಂತು. ಅಂಥ ಊರಿನವನು ಇನ್ನೊಂದು ಭಾಷೆಗೆ ಹೆದರಬೇಕಿರಲಿಲ್ಲ.

ಜರ್ಮನಿ ಕೊಟ್ಟದ್ದು ಕಡಿಮೆಯೇನಲ್ಲ. ಗುರುಗಳ ಎದುರು ನಿಂತು ‘ನಿಮ್ಮ ಲೆಕ್ಕ ತಪ್ಪು, ಸರ್’ ಎನ್ನುವ ಧೈರ್ಯ ಅಲ್ಲಿ ಬಂತು, ಅದನ್ನೇ ಇಲ್ಲಿನ ಮಕ್ಕಳಿಗೆ ಕಲಿಸುತ್ತಿದ್ದೇನೆ. ಪದವಿಗೂ ಬೆಲೆಯಿದೆ: ಜಾಗತಿಕ ಶ್ರೇಯಾಂಕದ ಮೊದಲ 500ರೊಳಗಿನ ವಿಶ್ವವಿದ್ಯಾಲಯದ ಪಿಎಚ್‌ಡಿ ಇದ್ದರೆ, ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಪರೀಕ್ಷೆ ಬೇಕಿಲ್ಲ.

ನಮ್ಮ ತಾಲ್ಲೂಕಿನಿಂದ ಹೊರಡುವ ಮಕ್ಕಳಲ್ಲಿ ನನ್ನದೊಂದು ಬೇಡಿಕೆ. ವೀಸಾಕ್ಕೆ ಓಡಾಡುವ ಮೊದಲೇ ಜರ್ಮನ್ ಕಲಿಯಲು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಸೇರಿಕೊಳ್ಳಿ, ಬಿ1 ಹಂತ ಮುಗಿಸಿಯೇ ವಿಮಾನ ಹತ್ತಿ. ಅಲ್ಲಿಗೆ ಹೋದ ಮೇಲೂ ಕಲಿಯುವುದನ್ನು ಬಿಡಬೇಡಿ.