ಆರು ಒಂದುಗಳ ಹಾರ

12345654321. ಎಡದಿಂದ ಓದಿ, ಬಲದಿಂದ ಓದಿ, ಒಂದೇ. 111111ನ್ನು ಅದರಿಂದಲೇ ಗುಣಿಸಿದರೆ ಬರೋ ಸಂಖ್ಯೆ ಇದು.

ನಮ್ಮ ಕಲ್ಯಾಣ ಕರ್ನಾಟಕದ ಜೊತೆ ಇದಕ್ಕೆ ಹಳೇ ನಂಟಿದೆ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ಆಗ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅದು 1912ರಲ್ಲಿ ಮದ್ರಾಸಿನಲ್ಲಿ ಅಚ್ಚಾಯ್ತು. ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದು: 27994681 × 441. ಉತ್ತರ, ಇದೇ 12345654321. ಇಂಥ ಉತ್ತರಗಳನ್ನು ಆತ ಕೊರಳ ಹಾರಕ್ಕೆ ಹೋಲಿಸ್ತಾನೆ.

ಸ್ವಲ್ಪ ಒಡೆದು ನೋಡಿ. 441 ಅಂದ್ರೆ 21ರ ವರ್ಗ. 27994681 ಅಂದ್ರೆ 5291ರ ವರ್ಗ. 21 × 5291 = 111111. ಹಾರವನ್ನ ಮೊದಲು ಕಣ್ಣಮುಂದೆ ಇಟ್ಟುಕೊಂಡೇ ಆತ ಪ್ರಶ್ನೆ ಪೋಣಿಸಿರಬೇಕು ಅಂತ ನನ್ನ ಊಹೆ.

ರಜೆಗೆ ಬಾದನಹಟ್ಟಿಗೆ ಹೋದಾಗ ಈ ಲೆಕ್ಕ ತಂಗಿಗೆ ಕೊಟ್ಟೆ. ಅವಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಪಿಯುಸಿಗೆ ಸೈನ್ಸ್ ಬೇಡ ಅಂತ ಹಟ ಹಿಡಿದಿದ್ದಳು. "ಗಣಿತ ಇಂಗ್ಲಿಷಿನೋರ್ದು ಅಣ್ಣಾ, ನಮಗೆಲ್ಲಿ ಹತ್ತುತ್ತೆ?" ಅನ್ನೋದು ಅವಳ ವಾದ. ಮೊದಲ ಸೆಮಿಸ್ಟರ್‌ನಲ್ಲಿ ಕೊನೇ ಬೆಂಚಲ್ಲಿ ಕೂತು ನಾನೂ ಹಂಗೇ ಅಂದ್ಕೊಂಡಿದ್ದೆ. ಹಾಗಾಗಿ ಬುದ್ಧಿ ಹೇಳೋಕೆ ಹೋಗಲಿಲ್ಲ.

"ಇದು ಪರೀಕ್ಷೆಗೆ ಬರ್ತದೇನು?" ಅಂದಳು. ಬರಲ್ಲ ಅಂದೆ. ಆಮೇಲೇ ಪೆನ್ನು ತಗೊಂಡಳು.

111111ನ್ನು ಆರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸಿ ಬರೆದಳು. ಕಂಬಸಾಲುಗಳನ್ನು ಕೂಡಿದರೆ ಬಲತುದಿಯಲ್ಲಿ ಒಂದು 1, ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಕೆ. ಎಲ್ಲೂ ದಶಕ ದಾಟಲ್ಲ, ಅದಕ್ಕೇ ಹಾರ ನೆಟ್ಟಗೆ ನಿಲ್ಲುತ್ತೆ. ಒಂಬತ್ತು ಒಂದುಗಳವರೆಗೂ ಇದೇ ಕಥೆ.

"ಹತ್ತು ಹಾಕಿದ್ರೆ?" ಅಂತ ಅವಳೇ ಕೇಳಿದಳು. ನಾನು ಹೇಳಲಿಲ್ಲ. ಅರ್ಧ ಗಂಟೆ ಆದ ಮೇಲೆ ಹಾಳೆ ತಂದು ತೋರಿಸಿದಳು: 1234567900987654321. "ನಡುಮಧ್ಯ ಹತ್ತು ಬಂತಣ್ಣಾ, ದಶಕ ಪಕ್ಕಕ್ಕೆ ಹೋಯ್ತು, ಹಾರ ಹರೀತು." ವಿವರಣೆಯಲ್ಲಿ ಇಂಗ್ಲಿಷಿನ ಒಂದು ಪದವೂ ಇರಲಿಲ್ಲ. ಕೊರತೆಯೂ ಕಾಣಲಿಲ್ಲ.

ನಮಗೆ, ಅಂದ್ರೆ ಕೋಡ್ ಬರೆಯೋರಿಗೆ, ಈ ಹಾರ ಇನ್ನೂ ಬೇಗ ಹರಿಯುತ್ತೆ. ಸಿ ಭಾಷೆಯಲ್ಲಿ 111111ನ್ನು 32 ಬಿಟ್‌ನ ಇಂಟ್‌ನಲ್ಲಿಟ್ಟು ಅದರಿಂದಲೇ ಗುಣಿಸಿ ನೋಡಿ. ಇಂಟ್‌ನಲ್ಲಿ ಹಿಡಿಯೋದು 2147483647ರವರೆಗೆ ಮಾತ್ರ. ಸಾಮಾನ್ಯವಾಗಿ ಪರದೆ ಮೇಲೆ ಬರೋದು -539247567. ಎರಡನ್ನೂ ಲಾಂಗ್ ಲಾಂಗ್ ಮಾಡಿ, ಹಾರ ವಾಪಸ್. ಸಂಖ್ಯೆಯಲ್ಲಿ ದೋಷ ಇರಲಿಲ್ಲ, ಇಟ್ಟ ಡಬ್ಬಿ ಚಿಕ್ಕದಿತ್ತು.

ತಂಗಿ ಇನ್ನೂ ಏನೂ ನಿರ್ಧಾರ ಮಾಡಿಲ್ಲ. ಸೈನ್ಸೋ ಆರ್ಟ್ಸೋ, ಅದು ಅವಳಿಷ್ಟ. ನಿನ್ನೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದಾಳೆ: ನೋಟ್‌ಬುಕ್ ಹಾಳೆಯಲ್ಲಿ 152207 × 73, ಮಹಾವೀರಾಚಾರ್ಯನದೇ ಇನ್ನೊಂದು ಲೆಕ್ಕ. ಕೆಳಗೆ ಬರೆದಿದ್ದಾಳೆ: "ನೀನು ಮಾಡು, ಮೊಬೈಲ್ ಮುಟ್ಟಂಗಿಲ್ಲ."

ನೀವೂ ಮಾಡಿ.