ಒಂದೇ ಸರ್ಕಾರ, ಎರಡು ಗದ್ದಲ

ಕಟ್ಟೆಮಳಲವಾಡಿ

ಪ್ರೀತಿಯ ಕೂಸಿಗೆ,

ಎಮರ್ಜೆನ್ಸಿ ಕಾಲದ ಕನ್ನಡ ಸಾಹಿತ್ಯದ ಮೇಲೆ ಪ್ರಬಂಧ ಬರೀಬೇಕು, ನೀವಾಗ ಏನು ಓದ್ತಿದ್ರಿ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ಗಾಳಿಗೆ ಹೋಗುತ್ತೆ, ಅದಕ್ಕೇ ಕಾಗದ.

ನಿಮ್ಮ ಮೈಸೂರಿನ ಮಾನಸಗಂಗೋತ್ರಿಯ ಮೇಷ್ಟ್ರುಗಳು ಎಮರ್ಜೆನ್ಸಿ ಹೇರಿದ 1975ರ ಜೂನ್ 25ರಿಂದ ಶುರು ಮಾಡಬಹುದು. ನೀನು ಇನ್ನೂ ಒಂದೂವರೆ ವರ್ಷ ಹಿಂದಕ್ಕೆ ಹೋಗು. 1973ರ ನವೆಂಬರಿನಲ್ಲಿ, ಅದೇ ಮೈಸೂರಿನಲ್ಲಿ, ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದೆಲ್ಲ ಬೂಸಾ ಅಂದರು. ಊರೂರು ಹೊತ್ತಿಕೊಂಡಿತು. ಅವರ ಪರ ನಿಂತ ದಲಿತ ಹುಡುಗರಿಗೆ ಏಟು ಬಿತ್ತು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಅದಾದ ಮೇಲೆ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನನ್ನು ಉಳುವವರಿಗೇ ಕೊಡಿಸುವ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ತಂದವರು ನಮ್ಮ ತಾಲ್ಲೂಕಿನವರೇ, ಆಗಿನ ಮುಖ್ಯಮಂತ್ರಿ, ಕಲ್ಲಹಳ್ಳಿಯ ದೇವರಾಜ ಅರಸು.

ಡೆಲ್ಲಿಯ ಎಮರ್ಜೆನ್ಸಿ ನಮಗೆ ರೇಡಿಯೊದಲ್ಲಿ ಬಂತು. ಆ ಕಾಯ್ದೆಯ ಭೂ ಟ್ರಿಬ್ಯುನಲ್ಲು ಮಾತ್ರ ಮನೆ ಜಗುಲಿಗೇ ಬಂತು. ನಾನಾಗ ಹೊಸ ಮೇಷ್ಟ್ರು. ಸಂಜೆಯಾದರೆ ಗೇಣಿ ಜಮೀನಿನ ಹಕ್ಕು ಕೇಳುವ ಫಾರಂ ನಂಬರ್ 7 ತುಂಬಿಸಿಕೊಳ್ಳೋಕೆ ಜನ ಬರೋರು. ಸರ್ವೆ ನಂಬರ್ ಎಷ್ಟು, ಒಡೆಯ ಯಾರು, ಎಷ್ಟು ವರ್ಷದ ಗೇಣಿ ಅನ್ನೋದಷ್ಟೇ ಫಾರಂಗೆ ಬೇಕಿತ್ತು. ಅವರು ಶುರು ಮಾಡುತ್ತಿದ್ದುದು ಮುತ್ತಾತನಿಂದ. ಯಾವ ಬರದಲ್ಲಿ ಈ ಊರಿಗೆ ಬಂದದ್ದು, ವಾರಕ್ಕೆ ಮಾಡಿದ ಹೊಲದಿಂದ ಎಷ್ಟು ಪಲ್ಲ ರಾಗಿ ಅಳೆದು ಕೊಟ್ಟದ್ದು, ಯಾರ ಮದುವೆ ಸಾಲಕ್ಕೆ ಯಾವ ಮಗ ಜೀತಕ್ಕೆ ಹೋದದ್ದು. ಅದನ್ನೆಲ್ಲ ಬರೆಯೋಕೆ ಅಲ್ಲಿ ಜಾಗವಿರಲಿಲ್ಲ.

ಕೆಲವು ವರ್ಷ ಕಳೆದು ದೇವನೂರ ಮಹಾದೇವರ 'ಒಡಲಾಳ' ಓದಿದಾಗ ಆ ದನಿಗಳೇ ಕೇಳಿಸಿದವು. ಸಾಕವ್ವನ ಮನೆಯವರೆಲ್ಲ ಸೇರಿ ಕದ್ದು ತಂದ ಒಂದು ಮೂಟೆ ಕಡಲೆಕಾಯಿಯನ್ನು ರಾತ್ರೋರಾತ್ರಿ ತಿಂದು ಮುಗಿಸುತ್ತಾರೆ, ಆಮೇಲೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಘೋಷಣೆಯಿಲ್ಲ, ಭಾಷಣವಿಲ್ಲ. ಆ ಕಾಲದ ಒಂದೇ ಪುಸ್ತಕ ಹೇಳು ಅಂದರೆ ನಾನು ಹೇಳೋದು ಅದನ್ನೇ.

ಎಮರ್ಜೆನ್ಸಿ ವಿರುದ್ಧ ಬರೆದವರದು ಸಣ್ಣ ಧೈರ್ಯ ಅಂತಲ್ಲ. ಕವಿ ಚಂಪಾ ಜೈಲಿಗೇ ಹೋಗಿ ಬಂದರು. ಆದರೆ ಪತ್ರಿಕೆಗಳಿಗೆ ಸೆನ್ಸಾರ್ ಇದ್ದಾಗ ಒಗಟಿನ ಹಾಗೆ ಬರೆದ ಎಷ್ಟೋ ಪದ್ಯ ಈಗ ಅಡಿಟಿಪ್ಪಣಿ ಇಲ್ಲದೆ ತಿಳಿಯೋದಿಲ್ಲ. ನನಗನ್ನಿಸೋದು ಇಷ್ಟು: ಎಮರ್ಜೆನ್ಸಿ ಮೊದಲೇ ಬರೆಯುತ್ತಿದ್ದವರನ್ನು ಸಿಟ್ಟಿಗೆಬ್ಬಿಸಿತು, ಬೂಸಾ ಗಲಾಟೆ, ಭೂಮಿ ಗಲಾಟೆ ಅದುವರೆಗೆ ಬರೆಯದವರ ಕೈಗೆ ಪೆನ್ನು ಕೊಟ್ಟವು.

ಇನ್ನೊಂದು, ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲೇ ಬಂತು. ಹಾಡು ಮೆರವಣಿಗೆ ಜೊತೆಗೇ ನಡೆಯುತ್ತೆ. ಕಾದಂಬರಿಗೆ ಕಾಲ ಬೇಕು: ದೇವನೂರರ 'ಕುಸುಮಬಾಲೆ' ಬರೋಕೆ 1984 ಆಗಬೇಕಾಯಿತು. ಕಾಸರಗೋಡಿನ ಕಯ್ಯೂರಿನಲ್ಲಿ ನಾಲ್ವರು ರೈತ ಹೋರಾಟಗಾರರನ್ನು ಗಲ್ಲಿಗೇರಿಸಿದ್ದು 1943ರಲ್ಲಿ; ಅದರ ಮೇಲೆ ನಿರಂಜನರ ಕಾದಂಬರಿ 'ಚಿರಸ್ಮರಣೆ' ಬಂದದ್ದು 1955ರಲ್ಲಿ. ಹಾಗಂತ ಎಲ್ಲವನ್ನೂ ಕಾಯ್ದೆಯ ಲೆಕ್ಕಕ್ಕೆ ಬರೀಬೇಡ. ನಮ್ಮ ಎಚ್.ಡಿ. ಕೋಟೆ ಕಡೆಯ ಆಲನಹಳ್ಳಿ ಕೃಷ್ಣ ಎರಡು ಹಳ್ಳಿಗಳ ಹಗೆತನವನ್ನು 'ಕಾಡು' ಕಾದಂಬರಿಯಲ್ಲಿ ಬರೆದದ್ದು 1972ರಲ್ಲಿ, ಬೂಸಾ, ಭೂಕಾಯ್ದೆ ಎರಡಕ್ಕೂ ಮೊದಲೇ.

ಈಗ ತೊಡಕಿನ ಮಾತು. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, ಎಮರ್ಜೆನ್ಸಿಯಲ್ಲಿ ಸೆರೆಯಾಗಿ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿದರು. ಪೆರೋಲಿನ ಮೇಲೆ ಹೊರಬಂದು ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಆಗ ಮುಖ್ಯಮಂತ್ರಿ ಇದೇ ಅರಸು. ಅತ್ತ ಸ್ನೇಹಲತಾ ಸೆರೆಯಲ್ಲಿ, ಇತ್ತ ಟ್ರಿಬ್ಯುನಲ್ಲಿನಲ್ಲಿ ಗೇಣಿದಾರರ ವಿಚಾರಣೆ. ನಮ್ಮ ನಡುಮನೆಯ ಅರಸರ ಫೋಟೊ ನಾನಂತೂ ಇಳಿಸೋದಿಲ್ಲ, ನಿನಗೇ ಗೊತ್ತು. ಆದರೂ ಪ್ರಬಂಧದಲ್ಲಿ ಇವೆರಡನ್ನೂ ಬೇರೆ ಬೇರೆ ಅಧ್ಯಾಯ ಮಾಡಬೇಡ ಮಗಾ, ಒಂದರಲ್ಲೇ ಬರೆ. ಮೇಷ್ಟ್ರು ಒಪ್ಪದಿದ್ದರೆ ಇಲ್ಲಿಗೆ ಕರೆದುಕೊಂಡು ಬಾ, ಊಟ ಹಾಕಿ ಜಗಳ ಆಡೋಣ.

ಸ್ನೇಹಲತಾ ಜೈಲಿನಲ್ಲಿ ಬರೆದ ಡೈರಿ ಲೈಬ್ರರಿಯಲ್ಲಿ ಸಿಕ್ಕಿದರೆ ಜೆರಾಕ್ಸ್ ಮಾಡಿಸಿಕೊಂಡು ಬಾ. ಇಂಗ್ಲಿಷಿನಲ್ಲಿದೆ, ನನ್ನ ಕಣ್ಣಿಗೆ ಆಗೋದಿಲ್ಲ. ನೀನೇ ಓದಿ ಹೇಳಬೇಕು.

ನಿನ್ನ ತಾತ