ಹಸೆಯ ಗೋಡೆ

ಜೋಗವನ್ನು ನೋಡಲೆಂದು ಬೆಂಗಳೂರಿನ ಆ ಸಂಸಾರ ನಸುಕಿನಲ್ಲಿಯೇ ಕಾರಿನಲ್ಲಿ ಹೊರಟಿತು. ತಿಪಟೂರಿನಲ್ಲಿ ಎಳನೀರು, ಅರಸೀಕೆರೆಯಲ್ಲಿ ಉಪಾಹಾರ, ತರೀಕೆರೆಯಾಚೆ ಮಲೆನಾಡಿನ ತಂಗಾಳಿ. ಹೀಗೆ ದಾರಿ ಸವೆಯಿತು. ಹಿಂದಿನ ಆಸನದ ಅಜ್ಜಿ ಮಾತ್ರ ಮಾತಾಡಲಿಲ್ಲ.

ಸಾಗರದ ಪೇಟೆಯಲ್ಲಿ ಗುಡಿಗಾರರು ಗಂಧದ ಕೊರಡಿನಲ್ಲಿ ಕೆತ್ತಿದ ಗಣಪತಿಯನ್ನು ಸೊಸೆ ಬೆರಗಿನಿಂದ ನೋಡುತ್ತಿದ್ದಾಗ, ಅಜ್ಜಿ ಮಗನ ತೋಳು ಹಿಡಿದಳು.

“ಮೊದಲು ತಮ್ಮನ ಮನೆಗೆ ಹೋಗೋಣ ಮಗಾ. ನಾಳೆ ಭೂಮಿ ಹುಣ್ಣಿಮೆ. ಜೋಗ ಎಲ್ಲಿಗೂ ಓಡಿಹೋಗುವುದಿಲ್ಲ.”

ಹಳ್ಳಿಯ ಆ ಮನೆಯ ಜಗುಲಿಯಲ್ಲಿ ಹೆಂಗಸರು ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಸಗಣಿ ಬಳಿದು ಒಣಗಿಸಿ ಕೆಮ್ಮಣ್ಣು ಹಚ್ಚಿದ ಬುಟ್ಟಿ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಗೆರೆ. ಕುಂಚವೆಂದರೆ ಪುಂಡಿಯ ನಾರು. ಆಶ್ವೀಜದ ಹುಣ್ಣಿಮೆಯಂದು, ತೆನೆ ಹೊತ್ತು ಗರ್ಭಿಣಿಯಾದ ಭೂಮಿತಾಯಿಗೆ ಬಯಕೆಯ ಅಡಿಗೆ ಗದ್ದೆಗೆ ಹೋಗುವುದು ಈ ಬುಟ್ಟಿಯಲ್ಲಿಯೇ. ದೀವರ ಮನೆಗಳಲ್ಲಿ ಮದುವೆ ಬಂದರೆ ಇದೇ ಚಿತ್ತಾರ ಗೋಡೆಯನ್ನೇರುತ್ತದೆ. ಅಲ್ಲಿ ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ ಕೂಡಿಕೊಳ್ಳುತ್ತವೆ. ಅದು ಹಸೆ ಚಿತ್ತಾರ.

“ಅಜ್ಜೀ, ನಿನ್ನ ತವರಿನ ಗೋಡೆಯಲ್ಲೂ ಹೀಗೆ ಬರೆದಿದ್ದರೇ?” ಎಂದು ಮೊಮ್ಮಗಳು ಕೇಳಿದಳು.

ಬರೆದಿದ್ದರು; ಅಜ್ಜಿಯ ತಾಯಿಯೇ ಬರೆದದ್ದು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂತು. ಶರಾವತಿಯ ಹಿನ್ನೀರಿನಲ್ಲಿ ಆ ಊರು ಮುಳುಗಿತು. ಹಂಚು, ತೊಲೆ, ಬಾಗಿಲುಗಳನ್ನು ಬಿಚ್ಚಿ ಗಾಡಿಗೆ ಹೇರಿದರು. ಮಣ್ಣಿನ ಗೋಡೆಯನ್ನು ಹೇರುವಂತಿರಲಿಲ್ಲ. ಆಗ ಅಜ್ಜಿಗೆ ಹತ್ತು ವರ್ಷ. ಊರು ಮುಳುಗಿದ್ದನ್ನು ಮಗ ಬಲ್ಲ. ಗೋಡೆಯ ಮಾತನ್ನು ಕೇಳಿದ್ದು ಅಂದೇ ಮೊದಲು. ಜೋಗದ ದಾರಿಯಲ್ಲಿ ಹತ್ತಾರು ಸಲ ಓಡಾಡಿದ್ದರೂ ಅವನು ಒಮ್ಮೆಯೂ ಕೇಳಿರಲಿಲ್ಲ.

ಅಜ್ಜಿ ಚಿಕ್ಕದೊಂದು ಬುಟ್ಟಿಯನ್ನು ಮಡಿಲಿಗೆಳೆದುಕೊಂಡಳು. ಕೈ ನಡುಗಿತು, ಮೊದಲ ಗೆರೆ ಸೊಟ್ಟಗಾಯಿತು. ಹೆಬ್ಬೆರಳಿನಿಂದ ಒರೆಸಿದಳು. ಎರಡನೆಯದೂ ಹಾಗೆಯೇ. ತಮ್ಮನ ಹೆಂಡತಿ ಮಾತಿಲ್ಲದೆ ಬಂದು ಬುಟ್ಟಿಯನ್ನು ಹಿಡಿದುಕೊಂಡಳು. ಮೂರನೆಯ ಗೆರೆ ನೆಟ್ಟಗೆ ಬಂತು. ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಅರವತ್ತು ವರ್ಷ ಕಾಣದ ತಾಯಿಯ ತೇರು ಮೆಲ್ಲಮೆಲ್ಲನೆ ಮೇಲೆದ್ದಿತು. ಚಿತ್ರ ತೆಗೆಯಲೆಂದು ಮೊಬೈಲು ಹಿಡಿದಿದ್ದ ಮೊಮ್ಮಗಳು ಅದನ್ನು ಬದಿಗಿಟ್ಟು, ತಾನೂ ಒಂದು ನಾರನ್ನು ಕೈಗೆತ್ತಿಕೊಂಡಳು.

ಮರುದಿನ ಗದ್ದೆಯ ಪೂಜೆ ಮುಗಿಯುವ ವೇಳೆಗೆ ಹೊತ್ತು ಏರಿತ್ತು. ಜೋಗವನ್ನು ನೋಡುವುದಾಗಲಿಲ್ಲ, ಯಾರೂ ಅದರ ಮಾತೆತ್ತಲೂ ಇಲ್ಲ. ಹಿಂತಿರುಗುವಾಗ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಆ ಚಿಕ್ಕ ಬುಟ್ಟಿಯಿತ್ತು. ಗೆರೆ ಅಳಿಸೀತೆಂದು ಮಗ ಹಳ್ಳದಿಣ್ಣೆಗಳಲ್ಲಿ ಕಾರನ್ನು ಮೆಲ್ಲನೆ ನಡೆಸಿದ.